ಆಕಾಶದಲ್ಲೊಂದು ಎಮು, ಬಾಯಲ್ಲೊಂದು ಙ

ನಮ್ಮ ವರ್ಣಮಾಲೆಯಲ್ಲಿ ಇಬ್ಬರು ನಿರುದ್ಯೋಗಿಗಳಿದ್ದಾರೆ. ಒಬ್ಬನ ಹೆಸರು ಙ, ಇನ್ನೊಬ್ಬ ಞ. ಒಂದನೇ ತರಗತಿಯ ಗೋಡೆಯ ಮೇಲಿದ್ದ ಚಾರ್ಟು ನೆನಪಿಸಿಕೊಳ್ಳಿ. ಕ ಎದುರು ಕಮಲ, ಗ ಎದುರು ಗಡಿಯಾರ, ಘ ಎದುರು ಘಂಟೆ. ಙ ಎದುರು? ಏನೂ ಇಲ್ಲ. ಕ ಖ ಗ ಘ ಎಂದು ರಾಗವಾಗಿ ಒಪ್ಪಿಸಿ ಕೊನೆಗೆ ಮೂಗಿನಲ್ಲೊಮ್ಮೆ ಗುಂಯ್‌ಗುಟ್ಟಿದರೆ ಅದರ ಪಾಳಿ ಮುಗಿಯಿತು. ಆ ಅಕ್ಷರದಿಂದ ಶುರುವಾಗುವ ಒಂದೇ ಒಂದು ಪದವನ್ನೂ ಬರೆಯದೆ ನಾವೆಲ್ಲ ಎಸ್ಸೆಸ್ಸೆಲ್ಸಿ ಪಾಸಾಗಿ, ಕೆಲಸಕ್ಕೆ ಸೇರಿ, ನಿವೃತ್ತರೂ ಆಗಿಬಿಡುತ್ತೇವೆ.

ಈಗ ಕೇಳಿ! ಈ ಭೂಮಿಯ ಮೇಲೆ ಒಂದು ಭಾಷೆಯಿದೆ, ಅಲ್ಲಿ ಙಕಾರಕ್ಕೆ ಬಿಡುವೇ ಇಲ್ಲ. ‘ಹೌದು’ ಅನ್ನಬೇಕೆಂದರೆ ‘ಙವ’. ಹುಟ್ಟಿದ ನಾಡು ‘ಙುರಂಬಂಗ್’. ನುಡಿಗೆ ‘ಙಿಯಂಗ್’. ಪದದ ಮೊದಲಲ್ಲೇ, ಎದೆಯುಬ್ಬಿಸಿಕೊಂಡು, ಙ! ಆ ಭಾಷೆಯ ಹೆಸರು ವಿರಾಜುರಿ. ಆಸ್ಟ್ರೇಲಿಯದ ಮೂಲನಿವಾಸಿಗಳ ನೂರಾರು ನುಡಿಗಳಲ್ಲಿ ಒಂದು. ಅದನ್ನು ಇವತ್ತು ಅಲ್ಲಿನ ಶಾಲೆಗಳಲ್ಲಿ ಪುಟ್ಟ ಮಕ್ಕಳು ಕಲಿಯುತ್ತಿದ್ದಾರೆ. ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಪದದ ಆರಂಭದಲ್ಲೇ ಈ ಧ್ವನಿ ಬಂದರೆ ನಾಲಿಗೆ ತೊಡರುತ್ತದೆ, ಏಕೆಂದರೆ ಇಂಗ್ಲಿಷಿನಲ್ಲಿ ಅದು ಬರುವುದು ಪದದ ನಡುವೆ, ಇಲ್ಲವೇ ಕೊನೆಯಲ್ಲಿ. ನಮ್ಮ ಮಗುವಿಗಾದರೋ ಅಕ್ಷರ ತೋರಿಸಿದರೆ ಸಾಕು. ನಾಲಿಗೆ ಹಲ್ಲಿಗೆ ತಾಗಿಸಿ ಹೇಳುವ ದಕಾರವೂ ಅಲ್ಲಿದೆ, ಞ ಕೂಡ ಇದೆ. ಸಕಾರ ಮಾತ್ರ ಇಲ್ಲವೇ ಇಲ್ಲ.

ಇನ್ನೂ ಒಂದು ಹೇಳಿಬಿಡುತ್ತೇನೆ, ತಡೆದುಕೊಳ್ಳಲಾಗುತ್ತಿಲ್ಲ. ಮನೆಗೆ, ಊರಿಗೆ, ಹೊಳೆಗೆ ಎನ್ನಲು ನಾವು ‘ಗೆ’ ಹಚ್ಚುತ್ತೇವಲ್ಲ, ವಿರಾಜುರಿಯವರು ನಾಮಪದದ ಬಾಲಕ್ಕೆ ‘ಗು’ ಹಚ್ಚುತ್ತಾರೆ! ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ರಾಬರ್ಟ್ ಕಾಲ್ಡ್‌ವೆಲ್ 19ನೇ ಶತಮಾನದಲ್ಲೇ ಆಸ್ಟ್ರೇಲಿಯದ ನುಡಿಗಳ ಜೊತೆ ಇಂಥ ಹೋಲಿಕೆಗಳನ್ನು ಗುರುತಿಸಿದ್ದ. ಇಂದಿನ ಭಾಷಾವಿಜ್ಞಾನಿಗಳು ಈ ನೆಂಟಸ್ತಿಕೆಯನ್ನು ಒಪ್ಪುವುದಿಲ್ಲ, ಕಾಕತಾಳೀಯ ಅನ್ನುತ್ತಾರೆ. ಅವರ ಮಾತೇ ಸರಿ. ಆದರೂ ಮೈ ಜುಮ್ಮೆನ್ನುವುದನ್ನು ತಡೆಯುವುದು ಹೇಗೆ?

ಸಿಡ್ನಿಯಿಂದ ಪಶ್ಚಿಮಕ್ಕೆ ಹೊರಟು ಬ್ಲೂ ಮೌಂಟನ್ಸ್ ಬೆಟ್ಟಸಾಲನ್ನು ದಾಟಿದರೆ ವಿರಾಜುರಿ ನಾಡು ಶುರು. ಮೂರು ನದಿಗಳ ನಾಡು ಅದು. ವಂಬೂಲ್, ಗಲಾರಿ, ಮರಂಬಿಜಿ. ಭೂಪಟದಲ್ಲಿ ಮೊದಲೆರಡಕ್ಕೆ ಮಕ್ವಾರಿ, ಲಾಕ್ಲನ್ ಎಂಬ ಬಿಳಿಯರ ಹೆಸರು ಅಂಟಿಕೊಂಡಿದೆ. ಮೂರನೆಯದು ಮಾತ್ರ ಹಳೆಯ ಹೆಸರನ್ನೇ ಹೊತ್ತು ಹರಿಯುತ್ತಿದೆ. ನ್ಯೂ ಸೌತ್ ವೇಲ್ಸ್ ರಾಜ್ಯದ ಮೂಲನಿವಾಸಿ ನಾಡುಗಳಲ್ಲಿ ಇದೇ ಅತಿ ದೊಡ್ಡದು. ಬ್ಯಾಥರ್ಸ್ಟ್, ಡಬ್ಬೊ, ಪಾರ್ಕ್ಸ್, ವಾಗಾ ವಾಗಾ ಎಲ್ಲ ಇದರೊಳಗಿನ ಊರುಗಳೇ. ಗ್ಲೆನ್ ಮೆಗ್ರಾ ಹುಟ್ಟಿದ್ದು ಇದೇ ಡಬ್ಬೊದಲ್ಲಿ ಅಂದರೆ ಕ್ರಿಕೆಟ್ ಹುಚ್ಚಿನವರಿಗೆ ದಿಕ್ಕು ತಿಳಿದೀತು.

ಕ್ರಿಕೆಟ್ ಅಂದಮೇಲೆ ಇದನ್ನೂ ಕೇಳಿ. ಕಾಮೆಂಟರಿಯಲ್ಲಿ ಕೂಕಬುರಾ ಚೆಂಡು, ಕೂಕಬುರಾ ಚೆಂಡು ಎಂದು ದಿನವಿಡೀ ಕೇಳುತ್ತೀರಲ್ಲ, ಆ ಪದ ಇಂಗ್ಲಿಷಿಗೆ ಬಂದದ್ದು ವಿರಾಜುರಿಯ ‘ಗೂಗೂಬರ್ರ’ದಿಂದ! ನಮ್ಮ ಮಿಂಚುಳ್ಳಿಯ ಕುಲದ ಹಕ್ಕಿ, ಆ ಕುಲಕ್ಕೇ ದೊಡ್ಡಣ್ಣ. ಅದರ ಕೂಗು ಥೇಟ್ ಮನುಷ್ಯರ ಗಹಗಹಿಸುವ ನಗು. ಹಕ್ಕಿ ಏನು ಕೂಗಿತೋ ಅದನ್ನೇ ಹೆಸರಾಗಿ ಇಟ್ಟುಬಿಟ್ಟರು. ಹರಿವು ಬದಲಿಸಿದ ನದಿ ಹಿಂದೆ ಬಿಟ್ಟುಹೋಗುವ ಬಾಗಿದ ಮಡುವಿಗೆ ಜಗತ್ತೇ ಹೇಳುವ ‘ಬಿಲ್ಲಬಾಂಗ್’ ಕೂಡ ಇಲ್ಲಿಯದೇ, ವಿರಾಜುರಿಯಲ್ಲಿ ‘ಬಿಲ’ ಅಂದರೆ ಹೊಳೆ. ನಮ್ಮ ಬೀದಿಬದಿಯ ಹುಡುಗನೊಬ್ಬ ಬಾಲು ಹಿಡಿದು ಓಡಿಬರುವಾಗ ಅವನ ಅಂಗೈಯಲ್ಲಿ ಸಾವಿರಾರು ಮೈಲಿ ಆಚೆಯ ಹಕ್ಕಿಯ ನಗು ಕೂತಿರುತ್ತದೆ ಎಂದು ಅವನಿಗೆ ಹೇಳಬೇಡವೇ?

ಪಾರ್ಕ್ಸ್ ಎಂಬ ಊರಿಗೆ ಬರೋಣ. ಗೋಧಿ ಹೊಲ, ಕುರಿಮಂದೆ, ಅವುಗಳ ನಡುವೆ ಒಂದು ಸಣ್ಣ ಪಟ್ಟಣ. ಇಲ್ಲಿನ ಶಾಲೆಗಳಲ್ಲಿ ವಿರಾಜುರಿಯನ್ನು ಕಲಿಯುವವರು ವಿರಾಜುರಿ ಮನೆಗಳ ಮಕ್ಕಳಷ್ಟೇ ಅಲ್ಲ. ಬಿಳಿಯರ ಮಕ್ಕಳು, ವಲಸೆ ಬಂದವರ ಮಕ್ಕಳು, ಎಲ್ಲರೂ ಒಂದೇ ಬೆಂಚಿನಲ್ಲಿ ಕೂತು ‘ಯಿರದು ಮರಂಗ್’ ಎಂದು ಮೇಷ್ಟ್ರಿಗೆ ನಮಸ್ಕಾರ ಹೇಳುತ್ತಾರೆ. ಎಮುವಿಗೆ ‘ದಿನವನ್’, ಚಂದ್ರನಿಗೆ ‘ಗಿವಂಗ್’, ಕಾಗೆಗೆ ‘ವಾಗನ್’. ಹಾಡಿನಲ್ಲಿ, ಆಟದಲ್ಲಿ, ಶಾಲೆಯ ಹಿತ್ತಲಿನ ಗಿಡಗಳ ನಡುವೆ ಪಾಠ ನಡೆಯುತ್ತದೆ. ಸಂಜೆ ಮನೆಗೆ ಹೋದ ಮಗು ಅಪ್ಪ ಅಮ್ಮಂದಿರಿಗೆ ಹೇಳಿಕೊಡುತ್ತದೆ. ಅಜ್ಜಿಯಿಂದ ಮೊಮ್ಮಗುವಿಗೆ ಇಳಿಯಬೇಕಾದ ಭಾಷೆ ಇಲ್ಲಿ ಮಗುವಿನಿಂದ ಮೇಲಕ್ಕೆ ಏರುತ್ತಿದೆ!

ಈ ಊರಿನ ಹೊರಗೆ, ಕುರಿ ಮೇಯುವ ಬಯಲಿನಲ್ಲಿ, 64 ಮೀಟರ್ ಅಗಲದ ಒಂದು ಬಿಳಿ ಬಟ್ಟಲು ಆಕಾಶಕ್ಕೆ ಬಾಯಿ ತೆರೆದು ನಿಂತಿದೆ. 1961ರಲ್ಲಿ ಶುರುವಾದ ಪಾರ್ಕ್ಸ್ ರೇಡಿಯೊ ದೂರದರ್ಶಕ. 1969ರ ಜುಲೈಯಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟಾಗ ಆ ನಡಿಗೆಯ ಬಹುಪಾಲು ಟಿವಿ ಚಿತ್ರಗಳನ್ನು ಹಿಡಿದು ಜಗತ್ತಿಗೆ ಹಂಚಿದ್ದು ಇದೇ ಬಟ್ಟಲು. 2020ರ ನವೆಂಬರಿನಲ್ಲಿ ಅದಕ್ಕೆ ನಾಮಕರಣವಾಯಿತು, ‘ಮರ್ರಿಯಂಗ್’ ಎಂದು. ವಿರಾಜುರಿಯವರ ಸೃಷ್ಟಿಕರ್ತ ಬಿಯಾಮಿ ನೆಲೆಸಿರುವ ನಕ್ಷತ್ರಲೋಕದ ಹೆಸರು ಅದು. ಪಕ್ಕದ ಎರಡು ಚಿಕ್ಕ ಆಂಟೆನಾಗಳಿಗೂ ವಿರಾಜುರಿ ಹೆಸರಿಟ್ಟರು. ಅದರಲ್ಲೊಂದರ ಹೆಸರಿನಲ್ಲಿ ಬರುವ ‘ಗುಲುಮನ್’ ಅಂದರೆ ಮರದ ತೊಗಟೆಯಿಂದಲೋ ಕಾಂಡದಿಂದಲೋ ಕಡೆದ ತೊಟ್ಟಿಲಿನಂಥ ಪಾತ್ರೆ. ತಾಯಂದಿರು ಕಾಳು, ಹಣ್ಣು, ನೀರು, ಕೂಸು ಎಲ್ಲವನ್ನೂ ಅದರಲ್ಲೇ ಹೊತ್ತು ನಡೆಯುತ್ತಿದ್ದರು. ಸೌರವ್ಯೂಹದಾಚೆಯ ಸದ್ದು ಹಿಡಿಯುತ್ತಿದ್ದ ಯಂತ್ರಕ್ಕೆ ಕೂಸು ಹೊರುವ ಪಾತ್ರೆಯ ಹೆಸರು! ವಿಜ್ಞಾನಿಗಳು ಹೆಸರಿಡುವುದರಲ್ಲಿ ಸಾಮಾನ್ಯವಾಗಿ ನೀರಸರು. ಇಲ್ಲಿ ಹಿರಿಯರನ್ನು ಕೇಳಿದ್ದರಿಂದ ಬಚಾವಾದರು.

ಆದರೆ ಪಾರ್ಕ್ಸ್‌ನ ಮಕ್ಕಳಿಗೆ ಆಕಾಶ ನೋಡಲು ಈ ಬಟ್ಟಲು ಬೇಕಿಲ್ಲ. ಅವರಿಗೆ ತೋರಿಸುವ ಚಿತ್ರ ನಕ್ಷತ್ರಗಳದ್ದೂ ಅಲ್ಲ. ಉಸಿರು ಬಿಗಿಹಿಡಿಯಿರಿ: ಅದು ಕತ್ತಲೆಯ ಚಿತ್ರ!

ನಾವು, ಗ್ರೀಕರು, ಅರಬರು, ಎಲ್ಲರೂ ಚುಕ್ಕಿಗೆ ಚುಕ್ಕಿ ಸೇರಿಸಿ ಚೇಳು, ಸಿಂಹ, ಬಿಲ್ಲು ಬಿಡಿಸಿದೆವು. ವಿರಾಜುರಿ ಹಿರಿಯರು ಚುಕ್ಕಿಗಳ ನಡುವಿನ ಕಪ್ಪನ್ನು ನೋಡಿದರು. ಆಕಾಶಗಂಗೆಯ ಹಾಲುಬಿಳುಪಿನ ಮೇಲೆ ಅಲ್ಲಲ್ಲಿ ಮಸಿ ಚೆಲ್ಲಿದಂಥ ಪಟ್ಟಿಗಳಿವೆಯಲ್ಲ, ಅವು ಹಿಂದಿನ ನಕ್ಷತ್ರಗಳ ಬೆಳಕನ್ನು ಮರೆಮಾಡುವ ಧೂಳಿನ ಮೋಡಗಳು. ಆ ಕಪ್ಪನ್ನೇ ಉದ್ದಕ್ಕೆ ಹಿಂಬಾಲಿಸಿದರೆ ಒಂದು ಮಹಾಕಾಯದ ಎಮು! ತ್ರಿಶಂಕು ನಕ್ಷತ್ರಪುಂಜದ ಪಕ್ಕದ ಕಪ್ಪು ಮಚ್ಚೆ ಅದರ ತಲೆ. ಅಲ್ಲಿಂದ ನೀಳವಾದ ಕತ್ತು. ವೃಶ್ಚಿಕ, ಧನು ರಾಶಿಗಳ ಹತ್ತಿರ ಉಬ್ಬಿದ ಒಡಲು. ಅದರಾಚೆ ಕಾಲುಗಳು. ವಿರಾಜುರಿಯಲ್ಲಿ ಇದರ ಹೆಸರು ‘ಗುಗುರ್ಮಿನ್’. ಒಮ್ಮೆ ಕಂಡರೆ ಮುಗಿಯಿತು, ಮತ್ತೆ ಆಕಾಶಗಂಗೆ ಬೇರೆ ಯಾವ ಆಕಾರದಲ್ಲೂ ಕಾಣುವುದಿಲ್ಲ.

ಇದು ಬರೀ ಚಿತ್ರವೇ ಆಗಿದ್ದರೆ ಇಷ್ಟು ಹಾರಾಡುತ್ತಿರಲಿಲ್ಲ. ಇದು ಪಂಚಾಂಗ. ಏಪ್ರಿಲ್, ಮೇ ತಿಂಗಳಲ್ಲಿ ಕತ್ತಲಾದ ಮೇಲೆ ಆಕಾಶದ ಎಮು ಕಾಲು ಚಾಚಿ ಓಡುತ್ತಿರುವಂತೆ ಕಾಣುತ್ತದೆ. ಆಗಲೇ ನೆಲದ ಮೇಲೆ ಎಮುಗಳು ಜೊತೆಗಾರರನ್ನು ಅರಸಿ ಓಡುವ ಕಾಲ. ಜೂನ್, ಜುಲೈ ಹೊತ್ತಿಗೆ ಆಕಾಶದ ಎಮುವಿನ ಕಾಲು ಮಸುಕಾಗಿ, ಅದು ಗೂಡಿನಲ್ಲಿ ಕೂತಂತೆ ತೋರುತ್ತದೆ. ನೆಲದ ಎಮು ಆಗ ನಿಜವಾಗಿಯೂ ಗೂಡಿನಲ್ಲಿ ಕೂತಿರುತ್ತದೆ! ಕೂರುವುದು ತಾಯಿಯಲ್ಲ, ತಂದೆ. ಹೆಣ್ಣು ಕಡುಹಸಿರು ಬಣ್ಣದ ಮೊಟ್ಟೆಗಳನ್ನಿಟ್ಟು ತನ್ನ ದಾರಿ ಹಿಡಿಯುತ್ತದೆ. ಗಂಡು ಹೆಚ್ಚುಕಡಿಮೆ ಎಂಟು ವಾರ ಅನ್ನನೀರು ಬಿಟ್ಟಂತೆ ಕಾವು ಕೊಡುತ್ತದೆ. ಮೊಟ್ಟೆಯನ್ನು ಯಾವಾಗ ತರಬಹುದು, ಒಳಗೆ ಮರಿ ಬಲಿತ ಮೇಲೆ ಯಾವಾಗ ಮುಟ್ಟಬಾರದು ಎಂಬುದನ್ನು ಮಗು ತಲೆಯೆತ್ತಿ ಓದಿಕೊಳ್ಳುತ್ತದೆ. ಪಕ್ಕದ ಕಮಿಲರಾಯ್ ನಾಡಿನವರಿಗೂ ಇದೇ ಎಮು, ಇದೇ ಓದು. ಮೃಗಶಿರ, ಆರಿದ್ರಾ ಎಂದು ಮಳೆಗೆ ನಕ್ಷತ್ರದ ಹೆಸರಿಟ್ಟು ಬಿತ್ತನೆಗಿಳಿಯುವ ನಮ್ಮ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. (ಕೆಲವು ವರ್ಷಗಳ ಹಿಂದೆ ದಕ್ಷಿಣ ಭಾರತದಲ್ಲಿ ಎಮು ಸಾಕಣೆಯ ಹುಚ್ಚೆದ್ದು ಎಷ್ಟೋ ಜನ ಕೈಸುಟ್ಟುಕೊಂಡರು. ಎಮು ನಮಗೆ ಪರಿಚಯವಾದದ್ದು ಹಾಗೆ, ಲಾಭನಷ್ಟದ ಲೆಕ್ಕದಲ್ಲಿ. ಪಾಪದ ಹಕ್ಕಿ.)

ನಕ್ಷತ್ರ ಓದುವವರು ಮನುಷ್ಯರಷ್ಟೇ ಎಂದುಕೊಂಡಿರಾ? ಬೊಗಾಂಗ್ ಎಂಬ ಕಂದುಬಣ್ಣದ ಪುಟ್ಟ ಪತಂಗವಿದೆ. ಆಗ್ನೇಯ ಆಸ್ಟ್ರೇಲಿಯದ ಬಯಲುಗಳಲ್ಲಿ ಹುಟ್ಟಿ, ವಸಂತ ಬಂದೊಡನೆ 1,000 ಕಿಲೊಮೀಟರ್‌ವರೆಗೂ ಇರುಳಿನಲ್ಲಿ ಹಾರಿ, ತಾನೆಂದೂ ಕಾಣದ ಎತ್ತರದ ಬೆಟ್ಟಗಳ ತಂಪು ಗುಹೆಗಳನ್ನು ಸೇರುತ್ತದೆ. ಗುಹೆಯ ಗೋಡೆಯ ಒಂದು ಚದರ ಮೀಟರಿನಲ್ಲಿ ಸುಮಾರು 17,000 ಪತಂಗಗಳು, ಹೆಂಚಿನ ಮೇಲೆ ಹೆಂಚಿಟ್ಟಂತೆ! ವಿರಾಜುರಿಯವರೂ ನೆರೆಯ ನಾಡಿನವರೂ ಬೇಸಿಗೆಯಲ್ಲಿ ಆ ಬೆಟ್ಟಗಳಲ್ಲಿ ಸೇರುತ್ತಿದ್ದರು. ಕೊಬ್ಬು ತುಂಬಿದ ಪತಂಗಗಳನ್ನು ಬಿಸಿಬೂದಿಯಲ್ಲಿ ಹುರಿದು ಹಬ್ಬ ಮಾಡುತ್ತಿದ್ದರು. ಮಾತುಕತೆ, ಮದುವೆ, ಪಂಚಾಯ್ತಿ ಎಲ್ಲ ಅಲ್ಲೇ. 2025ರಲ್ಲಿ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು: ಈ ಪತಂಗ ದಾರಿ ಹಿಡಿಯುವುದು ನಕ್ಷತ್ರಗಳನ್ನು ನೋಡಿ! ಅಕ್ಕಿಕಾಳಿಗಿಂತ ಚಿಕ್ಕ ಮಿದುಳಿನಲ್ಲಿ ದಕ್ಷಿಣ ಗೋಳಾರ್ಧದ ಆಕಾಶ!

ಎಮುವಿಗೆ ಮರಳೋಣ, ಏಕೆಂದರೆ ಅದರ ಹೊಟ್ಟೆಯಲ್ಲಿ ನಮಗೆ ಸೇರಿದ್ದೊಂದಿದೆ. ಅಲ್ಲಿನ ಒಣನೆಲದಲ್ಲಿ ಕ್ವಾಂಡಾಂಗ್ ಎಂಬ ಮರ ಬೆಳೆಯುತ್ತದೆ. ಕಡುಕೆಂಪು ಹಣ್ಣು, ಹುಳಿ ರುಚಿ, ಒಳಗೆ ಗುಳಿಗುಳಿಯಾದ ಗಟ್ಟಿ ಗೊರಟು. ಇಂಗ್ಲಿಷಿನವರು ಈ ಹೆಸರನ್ನು ಎತ್ತಿಕೊಂಡದ್ದು ವಿರಾಜುರಿಯಿಂದ. ಎಮು ಹಣ್ಣನ್ನು ಇಡಿಯಾಗಿ ನುಂಗಿ, ಮೈಲಿಗಟ್ಟಲೆ ನಡೆದು, ಗೊರಟನ್ನು ಗೊಬ್ಬರದ ಸಮೇತ ಬೇರೆಲ್ಲೋ ಬಿತ್ತುತ್ತದೆ. ಈಗ ಈ ಮರದ ವೈಜ್ಞಾನಿಕ ಹೆಸರು ಕೇಳಿ: ಸ್ಯಾಂಟಲಮ್ ಅಕ್ಯುಮಿನೇಟಮ್. ನಮ್ಮ ಶ್ರೀಗಂಧ? ಸ್ಯಾಂಟಲಮ್ ಆಲ್ಬಮ್! ಒಂದೇ ಕುಲ, ಎರಡು ಪ್ರಭೇದ. ನಾವು ಗಂಧದ ಗುಡಿ ಎಂದು ಹಾಡಿಕೊಳ್ಳುವ ಮರದ ದಾಯಾದಿಯ ಹಣ್ಣನ್ನು ವಿರಾಜುರಿ ಮಕ್ಕಳು ಚಪ್ಪರಿಸುತ್ತಾರೆ.

ಗುಣವೂ ಅದೇ. ಶ್ರೀಗಂಧ ಬೆಳೆಯುವ ರೈತರು ಸಸಿಯ ಪಕ್ಕದಲ್ಲಿ ತೊಗರಿ ಹಾಕುವುದು ಏಕೆ? ಗಂಧದ ಬೇರು ಪಕ್ಕದ ಗಿಡದ ಬೇರಿಗೆ ಬಾಯಿಟ್ಟು ನೀರು, ಸತ್ವ ಹೀರುತ್ತದೆ. ಆಸರೆಯಿಲ್ಲದೆ ನೆಟ್ಟರೆ ಸೊರಗುತ್ತದೆ. ಕ್ವಾಂಡಾಂಗ್ ಕೂಡ ಹಾಗೆಯೇ, ಅಕ್ಕಪಕ್ಕದ ಗಿಡಗಳ ಬೇರು ಹಿಡಿದು ಬದುಕುತ್ತದೆ. ಕೃಷ್ಣರಾಜಸಾಗರದ ಕೆಳಗಿನ ತೋಟದವನೂ ಲಾಕ್ಲನ್ ನದಿಯ ದಂಡೆಯ ಹಿರಿಯಳೂ ಎದುರುಬದುರು ಕೂತರೆ, ನಡುವೆ ಇಂಗ್ಲಿಷ್ ಇಲ್ಲದೆಯೂ ಈ ಮರದ ವಿಚಾರ ಗಂಟೆಗಟ್ಟಲೆ ನಡೆದೀತು. ಸಣ್ಣದೊಂದು ಸೇರಿಸಿಬಿಡುತ್ತೇನೆ: ಗುಳಿಬಿದ್ದ ಆ ಚೆಂದದ ಗೊರಟುಗಳನ್ನು ಮಣಿಸರ ಮಾಡುತ್ತಾರೆ, ಮಕ್ಕಳು ಆಟದ ಗೋಲಿಯಾಗಿಯೂ ಬಳಸುತ್ತಾರೆ.

ಉಡದ ವಿಷಯವೂ ಹೀಗೇ. ನಮ್ಮ ಉಡದ ಕುಲದ್ದೇ ಆದ, ಮರ ಹತ್ತುವ ದೊಡ್ಡ ಉಡ ಅಲ್ಲಿದೆ, ‘ಗುಗಾ’. ಇಡೀ ವಿರಾಜುರಿ ಜನರ ಕುಲಲಾಂಛನ ಅದು. ಅದಲ್ಲದೆ ಒಬ್ಬೊಬ್ಬರಿಗೂ ಅವರದೇ ಲಾಂಛನ ಪ್ರಾಣಿಯಿರುತ್ತದೆ. ನಿನ್ನ ಪ್ರಾಣಿಯನ್ನು ನೀನು ಕೊಲ್ಲುವಂತಿಲ್ಲ, ತಿನ್ನುವಂತಿಲ್ಲ, ಅದರ ಯೋಗಕ್ಷೇಮ ನಿನ್ನದು. ಒಂದು ಊರಿನ ತುಂಬ ಮಕ್ಕಳಿದ್ದರೆ ಒಂದು ಕಾಡಿನ ತುಂಬ ಕಾವಲುಗಾರರು! ನಮ್ಮ ಎಷ್ಟೋ ಬುಡಕಟ್ಟುಗಳಲ್ಲಿ, ಹಳ್ಳಿಗಳ ಬೆಡಗು ಬಳಿಗಳಲ್ಲಿ ಇದೇ ಕಟ್ಟಳೆ ಇತ್ತು, ಕೆಲವು ಕಡೆ ಇನ್ನೂ ಇದೆ.

ಈಗ ಹೊಳೆಯ ಕತೆ. ಇದನ್ನು ಅಲ್ಲಿನ ಮಕ್ಕಳು ಚಿತ್ರಪುಸ್ತಕದಲ್ಲಿ ಓದುತ್ತಾರೆ. ವಿರಾಜುರಿ ಲೇಖಕಿ ಅನಿತಾ ಹೈಸ್ ಬರೆದ ‘ಬಿದಿ ಗಲಿಂಗ್’, ಅಂದರೆ ದೊಡ್ಡ ಮಳೆ. ಕತೆ ಕಲ್ಪಿತವಲ್ಲ. ಮರಂಬಿಜಿಯ ದಂಡೆಯಲ್ಲಿ ಬಿಳಿಯರು ಗುಂಡಗೈ ಎಂಬ ಊರು ಕಟ್ಟಿದರು, ಹೊಳೆಗೆ ತೀರಾ ಹತ್ತಿರ, ತಗ್ಗಿನಲ್ಲಿ. ಇಲ್ಲಿ ಬೇಡ, ಹೊಳೆ ಬರುತ್ತದೆ ಎಂದು ವಿರಾಜುರಿಯವರು ಎಚ್ಚರಿಸಿದರು. ಯಾರು ಕೇಳುತ್ತಾರೆ? 1852ರ ಜೂನ್ ತಿಂಗಳ ಕೊನೆಯ ವಾರ, ಚಳಿಗಾಲದ ಕತ್ತಲು, ಹೊಳೆ ಬಂದೇ ಬಂತು. ಸುಮಾರು 250 ಜನರ ಊರಿನಲ್ಲಿ ಎಂಬತ್ತರ ಆಸುಪಾಸು ಜನ ಕೊಚ್ಚಿಹೋದರು. ಉಳಿದವರು ಸೂರಿನ ಮೇಲೆ, ಮರದ ಕೊಂಬೆಯ ಮೇಲೆ.

ಆಗ ಬಂದ ಯಾರಿ ಎಂಬ ವಿರಾಜುರಿಯವನು. ಕೈಯಲ್ಲಿ ಮರದ ತೊಗಟೆಯ ಒಂದು ದೋಣಿ. ಒಂದು ಸಲಕ್ಕೆ ಒಬ್ಬರನ್ನೋ ಇಬ್ಬರನ್ನೋ ಮಾತ್ರ ಕೂರಿಸಬಹುದು. ರೊಚ್ಚಿಗೆದ್ದ ನೀರು, ತೇಲಿಬರುವ ದಿಮ್ಮಿಗಳು. ಮತ್ತೆ ಮತ್ತೆ, ಮತ್ತೆ ಮತ್ತೆ ಹೋದ. ಅವನ ಜೊತೆ ಜಾಕಿ ಜಾಕಿ ಮತ್ತು ಇನ್ನೂ ಕೆಲವರು. ಯಾರಿ ಒಬ್ಬನೇ 49 ಜನರನ್ನು ಉಳಿಸಿದ ಎಂದು ಹೇಳುತ್ತಾರೆ. ಎಲ್ಲ ಸೇರಿ ಅರವತ್ತಕ್ಕೂ ಹೆಚ್ಚು. ತಮ್ಮ ನೆಲ ಕಸಿದವರನ್ನೇ ಅವರು ಉಳಿಸಿದರು ಎಂಬುದನ್ನು ಮರೆಯಬೇಡಿ. ಊರಿನವರು ಕೃತಜ್ಞತೆಯೆಂದು ಎದೆಗೆ ಕಟ್ಟುವ ಹಿತ್ತಾಳೆಯ ಬಿಲ್ಲೆ ಕೊಟ್ಟರು. ಆಮೇಲೆ ಊರನ್ನು ಎತ್ತರಕ್ಕೆ ಸಾಗಿಸಿದರು! ಯಾರಿ, ಜಾಕಿ ಜಾಕಿಯವರ ಕಂಚಿನ ಪ್ರತಿಮೆ ಗುಂಡಗೈಯಲ್ಲಿ ನಿಂತದ್ದು 2017ರಲ್ಲಿ. 165 ವರ್ಷ ಬೇಕಾಯಿತು.

ಆ ದೋಣಿ ಯಾವುದರದ್ದು ಗೊತ್ತೇ? ಅಲ್ಲಿ ಹೊಳೆದಂಡೆಯಲ್ಲಿ ಬೆಳೆಯುವ ನೀಲಗಿರಿ ಜಾತಿಯ ದೈತ್ಯ ಮರಗಳಿವೆ. ಕಾಂಡದಿಂದ ದೋಣಿಯಾಕಾರದ ತೊಗಟೆಯ ಒಂದೇ ಹಾಳೆಯನ್ನು ಹುಷಾರಾಗಿ ಎಬ್ಬಿಸಿ, ಬೆಂಕಿಯ ಕಾವಿನಲ್ಲಿ ಬಾಗಿಸಿ ದೋಣಿ ಮಾಡುತ್ತಾರೆ. ಮರ ಸಾಯುವುದಿಲ್ಲ! ಗಾಯದ ಅಂಚು ಮಡಿಚಿಕೊಂಡು ಮರ ಬೆಳೆಯುತ್ತಲೇ ಹೋಗುತ್ತದೆ. ಹೀಗೆ ಗಾಯ ಹೊತ್ತ ಹಳೆಯ ಮರಗಳು ಇವತ್ತಿಗೂ ನಿಂತಿವೆ, ಮಕ್ಕಳನ್ನು ಕರೆದೊಯ್ದು ತೋರಿಸುತ್ತಾರೆ. ನಮ್ಮಲ್ಲಿ ನೀಲಗಿರಿಗೆ ಅಂತರ್ಜಲ ಕುಡಿಯುವ ಖಳನಾಯಕನ ಪಾತ್ರ. ತವರಿನಲ್ಲಿ ಅದು ದೋಣಿ, ತೊಟ್ಟಿಲು, ಗುರಾಣಿ. ದೂರು ಮರದ ಮೇಲೆ ಅಲ್ಲ, ಅದನ್ನು ಎಲ್ಲೆಂದರಲ್ಲಿ ನೆಟ್ಟ ನಮ್ಮ ಮೇಲೆ.

ಮೊಲಾಂಗ್ ಊರಿನ ಹತ್ತಿರ ಇನ್ನೊಂದು ಬಗೆಯ ಮರಗಳಿವೆ, ಕೆತ್ತನೆಯ ಮರಗಳು. 1845-46ರಲ್ಲಿ ಭೂಮಾಪಕ ಥಾಮಸ್ ಮಿಚೆಲ್ ಉತ್ತರಕ್ಕೆ ಹೊರಟಾಗ ದಾರಿ ತೋರಿಸಿದವನು ಯುರಾನಿ ಎಂಬ ವಿರಾಜುರಿ ತರುಣ. 1850ರಲ್ಲಿ ಅವನು ತೀರಿಕೊಂಡಾಗ ಅವನ ಜನ ಸಮಾಧಿಯ ಸುತ್ತ ನಾಲ್ಕು ಮರಗಳ ಮೇಲೆ ಗೆರೆಗಳ ಚಿತ್ತಾರ ಕೆತ್ತಿದರು. ಮಿಚೆಲ್ ಕಲ್ಲು ಹಾಕಿಸಿದ. ಎರಡು ಲೋಕಗಳ ಗುರುತು ಒಂದೇ ಸಮಾಧಿಯ ಮೇಲೆ. ಆ ಚಿತ್ತಾರಗಳ ಒಳಗುಟ್ಟನ್ನು ಹಿರಿಯರು ಎಲ್ಲರಿಗೂ ಹೇಳುವುದಿಲ್ಲ. ಯಾವುದನ್ನು, ಯಾರಿಗೆ, ಯಾವ ವಯಸ್ಸಿಗೆ ಹೇಳಬೇಕು ಎಂಬುದಕ್ಕೂ ಅಲ್ಲಿ ಕಟ್ಟಳೆಯಿದೆ. ಎಲ್ಲವನ್ನೂ ಈಗಲೇ ತಿಳಿದುಬಿಡಬೇಕು ಎನ್ನುವ ನಮ್ಮ ಚಟಕ್ಕೆ ಇದು ಕಷ್ಟ. ಮಕ್ಕಳು ಮಾತ್ರ ಸಲೀಸಾಗಿ ಒಪ್ಪಿಕೊಳ್ಳುತ್ತಾರಂತೆ.

ಇಷ್ಟೆಲ್ಲ ಒಂದು ನುಡಿಯೊಳಗಿತ್ತು, ಆ ನುಡಿ ಕಣ್ಮುಚ್ಚುವುದರಲ್ಲಿತ್ತು. 1815ರಲ್ಲಿ ಬ್ಯಾಥರ್ಸ್ಟ್ ಪಟ್ಟಣ ಎದ್ದಿತು. ನೆಲ ಹೋಯಿತು. ವಿಂಡ್ರಡೈನ್ ಎಂಬ ವಿರಾಜುರಿ ಧೀರ ಸೆಣಸಿದ; 1824ರ ಆಗಸ್ಟಿನಲ್ಲಿ ಗವರ್ನರ್ ಸೇನಾಡಳಿತ ಘೋಷಿಸಿದ. ಬಂದೂಕಿನ ಬಳಿಕ ಕಾಯಿದೆ ಬಂತು, ಮಿಷನ್ ಬಂತು, ತಾಯಿಯಿಂದ ಮಕ್ಕಳನ್ನು ಕಿತ್ತೊಯ್ಯುವುದು ಬಂತು. ನುಡಿ ಮನೆಯೊಳಗೆ ಅಡಗಿತು, ಆಮೇಲೆ ಬಾಯೊಳಗೆ.

ಕಳೆದ ಶತಮಾನದ ನಡುಭಾಗ. ಗ್ರಿಫಿತ್ ಎಂಬ ಪಟ್ಟಣ. ವಿಲ್‌ಫ್ರೆಡ್ ಜಾನ್ಸನ್ ಎಂಬ ತಾತ ಮೊಮ್ಮಗನನ್ನು ವಿರಾಜುರಿಯಲ್ಲಿ ಕೂಗಿ ಕರೆದರು. ಪೊಲೀಸನ ಕಿವಿಗೆ ಬಿತ್ತು. ಅಷ್ಟಕ್ಕೇ ತಾತನನ್ನು ಲಾಕಪ್ಪಿಗೆ ಹಾಕಿದರು. ತನ್ನ ಮೊಮ್ಮಗನನ್ನು ತನ್ನ ಮಾತಿನಲ್ಲಿ ಕರೆದದ್ದಕ್ಕೆ! ಅಂದಿನಿಂದ ಆತ ನಾಲ್ಕು ಜನರ ಎದುರು ಆ ಭಾಷೆಯಾಡಲಿಲ್ಲ. ಓದುತ್ತ ಓದುತ್ತ ನನಗೆ ನಮ್ಮದೇ ನೆನಪಾಯಿತು. ಕನ್ನಡ ಮಾತಾಡಿದ ಮಕ್ಕಳಿಗೆ ದಂಡ ಹಾಕುವ ಶಾಲೆಗಳು ಕನ್ನಡನಾಡಿನಲ್ಲೇ ಇವೆ, ಪೊಲೀಸರೂ ಬೇಕಿಲ್ಲ, ಅಪ್ಪ ಅಮ್ಮಂದಿರೇ ಫೀಸು ಕಟ್ಟುತ್ತಾರೆ.

ಆ ಮೊಮ್ಮಗನೇ ಸ್ಟಾನ್ ಗ್ರಾಂಟ್ ಸೀನಿಯರ್. ಕೂಗು ಕಿವಿಯಲ್ಲಿ ಉಳಿದಿತ್ತು. ದೊಡ್ಡವನಾದ ಮೇಲೆ ಜಾನ್ ರಡರ್ ಎಂಬ ಭಾಷಾತಜ್ಞನ ಜೊತೆ ಕೂತು ಪದಕ್ಕೆ ಪದ ಹೆಕ್ಕಿದರು. ಒಬ್ಬರ ಬಳಿ ತಾತನ ಉಚ್ಚಾರ, ಇನ್ನೊಬ್ಬರ ಬಳಿ ಹಳೆಯ ದಾಖಲೆಗಳು. ವೆಲಿಂಗ್ಟನ್ ಕಣಿವೆಯ ಮಿಷನ್ನಿನಲ್ಲಿದ್ದ ಗ್ಯುಂಟರ್ ಎಂಬ ಜರ್ಮನ್ ಪಾದ್ರಿ ಬರೆದಿಟ್ಟ ವ್ಯಾಕರಣ, ಪದಪಟ್ಟಿಗಳು 1892ರಲ್ಲಿ ಅಚ್ಚಾಗಿದ್ದವು. ಎರಡೇ ವರ್ಷಕ್ಕೆ, 1894ರಲ್ಲಿ, ಇತ್ತ ಮಂಗಳೂರಿನಲ್ಲಿ ಇನ್ನೊಬ್ಬ ಜರ್ಮನ್ ಪಾದ್ರಿ ಕಿಟೆಲ್ ಅವರ ಕನ್ನಡ ನಿಘಂಟು ಹೊರಬಂತು. ಕಿಟೆಲ್ ಕೋಶ ತೆರೆದಾಗ ಕನ್ನಡಕ್ಕೆ ಕೋಟಿ ಬಾಯಿಗಳಿದ್ದವು. ವಿರಾಜುರಿಗೆ ಉಳಿದದ್ದು ಕೆಲವೇ ಹಿರಿಯರ ನೆನಪು. ಆ ನೆನಪಿನಿಂದಲೇ 2005ರಲ್ಲಿ ಮೊದಲ ನಿಘಂಟು, 2010ರಲ್ಲಿ ದೊಡ್ಡದು! ಈಗ ಅದು ಮೊಬೈಲ್ ಆ್ಯಪ್ ಆಗಿಯೂ ಸಿಗುತ್ತದೆ.

ಆಮೇಲಿನದು ಓಟ. 2013ರಲ್ಲಿ ರಾಜ್ಯ ಸರ್ಕಾರ ತೆರೆದ, ಮಕ್ಕಳಿಗೆ ನುಡಿ ಕಲಿಸುವ ಭಾಷಾಗೂಡುಗಳಲ್ಲಿ ಒಂದು ವಾಯವ್ಯ ವಿರಾಜುರಿಯದು. 2014ರಿಂದ ಚಾರ್ಲ್ಸ್ ಸ್ಟರ್ಟ್ ವಿಶ್ವವಿದ್ಯಾಲಯದಲ್ಲಿ ವಿರಾಜುರಿ ಭಾಷೆ ಮತ್ತು ಪರಂಪರೆಯ ಕೋರ್ಸು. ಅಲ್ಲಿ ಕಲಿತವರು ಶಾಲೆಗಳಿಗೆ ಹೋಗಿ ಕಲಿಸುತ್ತಾರೆ, ಅನಿತಾ ಹೈಸ್ ಕೂಡ ಅಲ್ಲಿ ಕಲಿತವರೇ. 2017ರಲ್ಲಿ ಮೂಲನಿವಾಸಿ ಭಾಷೆಗಳ ರಕ್ಷಣೆಗೆ ನ್ಯೂ ಸೌತ್ ವೇಲ್ಸ್ ಕಾನೂನು ಮಾಡಿತು, ಆಸ್ಟ್ರೇಲಿಯದಲ್ಲೇ ಮೊದಲು. ಲಾಕಪ್ಪಿಗೆ ದೂಡಿದ ರಾಜ್ಯವೇ! ವಿರಾಜುರಿ ಮೂಲದ ತಾರಾ ಜೂನ್ ವಿಂಚ್ ಬರೆದ ‘ದ ಯೀಲ್ಡ್’ ಎಂಬ ಕಾದಂಬರಿಯಲ್ಲಿ ಒಂದು ಪಾತ್ರ ನಿಘಂಟನ್ನೇ ಬರೆಯುತ್ತ ಹೋಗುತ್ತದೆ. 2020ರಲ್ಲಿ ಅದಕ್ಕೆ ಆ ದೇಶದ ಬಲು ದೊಡ್ಡ ಸಾಹಿತ್ಯ ಪ್ರಶಸ್ತಿ ಮೈಲ್ಸ್ ಫ್ರಾಂಕ್ಲಿನ್ ಬಂತು.

ಮರಳುತ್ತಿರುವುದು ನುಡಿಯೊಂದೇ ಅಲ್ಲ. ಹಳೆಯ ಕಾಲದಲ್ಲಿ ಹುಟ್ಟಿದ ಕೂಸಿಗೆ ಪಾಸಮ್ ಎಂಬ ಮರವಾಸಿ ಪ್ರಾಣಿಯ ಕೆಲವೇ ಚರ್ಮ ಹೊಲಿದು ಪುಟ್ಟ ಹೊದಿಕೆ ಮಾಡುತ್ತಿದ್ದರು. ಮಗು ಬೆಳೆದಂತೆ ಚರ್ಮಗಳನ್ನು ಸೇರಿಸುತ್ತ, ಒಳಮೈಯಲ್ಲಿ ಅದರ ನಾಡಿನ ಗುರುತುಗಳನ್ನು ಗೀರುತ್ತ ಹೋಗುತ್ತಿದ್ದರು. ಹೊದಿಕೆ ಮಗುವಿನೊಡನೆ ಬೆಳೆಯುತ್ತಿತ್ತು. ಆ ಹೊಲಿಗೆಯನ್ನೂ ಈಗ ಮತ್ತೆ ಕಲಿಯುತ್ತಿದ್ದಾರೆ.

ನಮ್ಮ ಮಕ್ಕಳಿಗೆ ಇದರಲ್ಲೊಂದು ಪಾಲಿದೆ, ಅದಕ್ಕೆ ವಿಮಾನದ ಟಿಕೆಟ್ಟು ಬೇಡ. ಮೇ ತಿಂಗಳ ಅಮಾವಾಸ್ಯೆಯ ಆಸುಪಾಸು, ಊರ ದೀಪಗಳಿಂದ ದೂರ, ದಕ್ಷಿಣ ದಿಗಂತ ಬಯಲಾಗಿರುವ ಜಾಗಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ಮೈಸೂರು, ಚಾಮರಾಜನಗರದ ಕಡೆಯವರಿಗೆ ಇನ್ನೂ ಅನುಕೂಲ. ರಾತ್ರಿ 9 ಗಂಟೆಯ ಹೊತ್ತಿಗೆ ದಕ್ಷಿಣದಲ್ಲಿ, ದಿಗಂತದಿಂದ ತುಸುವೇ ಮೇಲೆ ತ್ರಿಶಂಕು ನೆಟ್ಟಗೆ ನಿಂತಿರುತ್ತದೆ. ಅದರ ಕೆಳ ಎಡಬದಿಗೆ ಎಮುವಿನ ತಲೆ. ಎಡಕ್ಕೆ ಹೊಳೆಯುವ ಜೋಡಿ ನಕ್ಷತ್ರಗಳನ್ನು ಹಾದು ಕತ್ತು ಸಾಗುತ್ತದೆ. ಹನ್ನೊಂದೂವರೆಗೆ ಜ್ಯೇಷ್ಠಾ, ಮೂಲಾ ನಕ್ಷತ್ರಗಳು ಮೇಲೇರಿದಾಗ ಒಡಲೂ ಸಿಗುತ್ತದೆ. ಟಾರ್ಚು ಆರಿಸಿ, ಮೊಬೈಲು ಜೇಬಿಗೆ ಹಾಕಿ, ಕಣ್ಣಿಗೆ ಇಪ್ಪತ್ತು ನಿಮಿಷ ಕತ್ತಲು ರೂಢಿಯಾಗಲು ಬಿಡಿ. ಚುಕ್ಕಿ ಹುಡುಕಬೇಡಿ, ಕಪ್ಪು ಹುಡುಕಿ. ಮುಂಗಾರಿನ ಮೋಡ ಕವಿದರೆ ಮತ್ತೆ ಮುಂದಿನ ವರ್ಷವೇ, ಹಾಗಾಗಿ ಮೇ ತಿಂಗಳಲ್ಲೇ ಹೊರಡಿ.